‘ಸಾಮಾನ್ಯ ಜ್ಞಾನ’ ಸಾಕ್ಷ್ಯವಾಗಬಲ್ಲದೇ? ಲೀ ಪ್ರಕರಣದ ಮರುಓದು

ಆಯಾ ಕ್ಷೇತ್ರದ ಸಾಧಾರಣ ಪರಿಣತನಿಗೆ ಸಹಜವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಸಲ್ಲದು ಎನ್ನುತ್ತದೆ ಅಮೆರಿಕದ ಪೇಟೆಂಟ್ ಕಾಯ್ದೆಯ 103ನೇ ಕಲಂ. ಹೊಳೆಯುತ್ತಿತ್ತು ಎಂದು ಮೊದಲು ತೋರಿಸಬೇಕಾದವರು ಪರೀಕ್ಷಕರು. ಎಷ್ಟು ತೋರಿಸಿದರೆ ಸಾಕು? ಪೇಟೆಂಟ್ ಮೇಲ್ಮನವಿಗಳನ್ನು ಆಲಿಸುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2002ರ ಜನವರಿಯಲ್ಲಿ ತೀರ್ಮಾನಿಸಿದ ಸಾಂಗ್-ಸು ಲೀ ಪ್ರಕರಣ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು.

ಲೀ ಅವರ ಅರ್ಜಿ ಟೀವಿಗೆ ಸಂಬಂಧಿಸಿದ್ದು: ಪರದೆ ತನ್ನ ಸೌಲಭ್ಯಗಳನ್ನು ತಾನಾಗಿ ಒಂದೊಂದಾಗಿ ತೋರಿಸಿ, ಅವನ್ನು ಆರಿಸಿ ಹೊಂದಿಸುವ ಬಗೆಯನ್ನೂ ಮಾಡಿ ತೋರಿಸಬೇಕು. ಪರೀಕ್ಷಕರು ಎರಡು ದಾಖಲೆಗಳನ್ನು ಮುಂದಿಟ್ಟರು. ನಾರ್ಟ್ರಪ್ ಪೇಟೆಂಟಿನ ಟೀವಿಯಲ್ಲಿ ಚಿತ್ರ, ಧ್ವನಿ ಹೊಂದಿಸುವ ಮೆನು ಇತ್ತು, ಪ್ರಾತ್ಯಕ್ಷಿಕೆ ಇರಲಿಲ್ಲ. ‘ಥಂಡರ್‌ಚಾಪರ್’ ಎಂಬ ಹೆಲಿಕಾಪ್ಟರ್ ವಿಡಿಯೊ ಗೇಮಿನ ಕೈಪಿಡಿಯಲ್ಲಿ ಆಡುವ ಬಗೆ ತೋರಿಸುವ ಪ್ರಾತ್ಯಕ್ಷಿಕೆ ಇತ್ತು, ಟೀವಿಯ ಮಾತಿರಲಿಲ್ಲ. ಇವೆರಡನ್ನು ಜೋಡಿಸಲು ಯಾರಿಗಾದರೂ ಏಕೆ ತೋಚಬೇಕು? ಸಾಮಾನ್ಯ ಜ್ಞಾನ, ಸಾಮಾನ್ಯ ಬುದ್ಧಿ ಸಾಕು, ದಾಖಲೆಯಲ್ಲಿ ಸುಳಿವು ಬೇಕಿಲ್ಲ ಎಂದಿತು ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿ. ನ್ಯಾಯಾಧೀಶೆ ಪಾಲೀನ್ ನ್ಯೂಮನ್ ಬರೆದ ತೀರ್ಪು ಇದನ್ನು ಒಪ್ಪಲಿಲ್ಲ. ಮಂಡಳಿ ಪರಿಣತರದ್ದೇ ಇರಬಹುದು. ಆ ಪರಿಣತಿ ಕಡತದಲ್ಲಿ ಸಾಕ್ಷ್ಯವಾಗಿ, ಕಾರಣವಾಗಿ ಕಾಣಿಸಬೇಕು. ಪೇಟೆಂಟ್ ಕಚೇರಿಯ ವಕೀಲರು ನ್ಯಾಯಾಲಯದಲ್ಲಿ ಹೊಸದಾಗಿ ಎತ್ತಿದ ಸಮರ್ಥನೆಗೂ ಬೆಲೆ ಸಿಗಲಿಲ್ಲ. ಪ್ರಕರಣ ಮಂಡಳಿಗೆ ಮರಳಿತು.

ಇದಕ್ಕೆ ಹಿನ್ನೆಲೆಯಾಗಿ ಜುರ್ಕೊ ಪ್ರಕರಣವಿದೆ. ಮಂಡಳಿಯು ಕಂಡುಕೊಂಡ ಸಂಗತಿಗಳನ್ನು ನ್ಯಾಯಾಲಯ ಸಲೀಸಾಗಿ ತಳ್ಳಿಹಾಕುವಂತಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಕಚೇರಿ, ಅದೇ ಪ್ರಕರಣ ಫೆಡರಲ್ ಸರ್ಕ್ಯೂಟ್‌ಗೆ ಮರಳಿ ಬಂದಾಗ 2001ರಲ್ಲಿ ಸೋತಿತು. ಪರಿಶೀಲನೆಯ ಮಾನದಂಡ ಎಷ್ಟು ಸಡಿಲವಾದರೂ ಕಡತ ಖಾಲಿಯಾಗಿದ್ದರೆ ಫಲವಿಲ್ಲ.

ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪಿನಿಂದ ಲೀ ತೀರ್ಪು ಸತ್ತಿತು ಎಂಬ ಮಾತು ಚಾಲ್ತಿಯಲ್ಲಿದೆ. ಇದು ಅರ್ಧ ಸತ್ಯ. ಜೋಡಿಸುವ ಪ್ರೇರಣೆ ಹಳೆಯ ದಾಖಲೆಗಳಲ್ಲೇ ಬರೆದಿರಬೇಕೆಂಬ ಬಿಗಿ ಹೋಯಿತು ನಿಜ. ಪರಿಣತನೂ ಸೃಜನಶೀಲನೇ, ಯಂತ್ರವಲ್ಲ ಎಂದಿತು ಸುಪ್ರೀಂ ಕೋರ್ಟ್. ಆದರೆ ಬರೀ ತೀರ್ಮಾನ ಸಾಲದು, ತರ್ಕಬದ್ಧ ಕಾರಣ ಬೇಕೆಂಬ 2006ರ ಕಾಹ್ನ್ ತೀರ್ಪಿನ ಮಾತನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. 2016ರ ಅರೆಂಡಿ ಪ್ರಕರಣದಲ್ಲಂತೂ, ಆವಿಷ್ಕಾರದ ಮುಖ್ಯ ಅಂಶವೊಂದು ಯಾವ ದಾಖಲೆಯಲ್ಲೂ ಇಲ್ಲದಾಗ ಆ ಕೊರತೆಯನ್ನು ಸಾಮಾನ್ಯ ಬುದ್ಧಿಯ ಹೆಸರಿನಲ್ಲಿ ತುಂಬಲು ಫೆಡರಲ್ ಸರ್ಕ್ಯೂಟ್ ಬಿಡಲಿಲ್ಲ.

ಎಲ್ಲಕ್ಕೂ ದಾಖಲೆ ಬೇಕೆಂದು ಇದರರ್ಥವಲ್ಲ. ತಕ್ಷಣ, ನಿರ್ವಿವಾದವಾಗಿ ತೋರಿಸಬಹುದಾದ ಸಂಗತಿಯನ್ನು ಪರೀಕ್ಷಕರು ಪುರಾವೆಯಿಲ್ಲದೆಯೂ ಗಮನಕ್ಕೆ ತೆಗೆದುಕೊಳ್ಳಬಹುದು. ಅರ್ಜಿದಾರ ಸಕಾಲದಲ್ಲಿ, ಸಕಾರಣವಾಗಿ ಆಕ್ಷೇಪಿಸಿದರೆ ಮಾತ್ರ ಅವರು ಪುರಾವೆ ಒದಗಿಸಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಬಹಳಷ್ಟು ಅರ್ಜಿದಾರರ ಪಾಲಿಗೆ ಭಾರಿ ತೀರ್ಪುಗಳಿಗಿಂತ ಈ ಸಣ್ಣ ನಿಯಮವೇ ಹೆಚ್ಚು ಮುಖ್ಯವೆಂದು ನನ್ನ ಎಣಿಕೆ.

ನಮ್ಮಲ್ಲೂ ದೆಹಲಿ ಹೈಕೋರ್ಟ್ 2022ರ ಆಗ್ರಿಬೋರ್ಡ್ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. ಹಳೆಯ ದಾಖಲೆ ಏನು ಹೇಳುತ್ತದೆ, ಅರ್ಜಿಯ ಆವಿಷ್ಕಾರವೇನು, ಮೊದಲನೆಯದರಿಂದ ಎರಡನೆಯದು ಪರಿಣತನಿಗೆ ಹೇಗೆ ಹೊಳೆಯುತ್ತದೆ ಎಂಬ ಮೂರನ್ನೂ ಚರ್ಚಿಸದ ತಿರಸ್ಕಾರದ ಆದೇಶವನ್ನು ಅದು ರದ್ದುಗೊಳಿಸಿತು.