ಕ್ಯಾರವಾನ್ ವಾಸ: ಸಕಲೇಶಪುರ–ಆಲೂರು ಸೀಮೆ

ಮಲಗಲು, ಅಡುಗೆ ಮಾಡಲು, ಸ್ನಾನ ಮಾಡಲು ಅನುಕೂಲವಿರುವ ವಾಹನವನ್ನೇ ಕಾಯಂ ಮನೆಯಾಗಿ ಮಾಡಿಕೊಂಡು ಬದುಕುವ ರೀತಿಗೆ ಕ್ಯಾರವಾನ್ ವಾಸ ಎನ್ನುತ್ತಾರೆ. ಹಾಸನ ಜಿಲ್ಲೆಯ ಪಶ್ಚಿಮ ಅಂಚಿನ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಇದು ಕಣ್ಣಿಗೆ ಬೀಳತೊಡಗಿದ್ದು ಈಚೆಗೆ. ಟೆಂಪೊ ಟ್ರಾವೆಲರ್‌ನಂಥ ಗಾಡಿಯ ಸೀಟು ಕಿತ್ತು, ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿಕೊಂಡು ಬೆಂಗಳೂರಿನ ಕಡೆಯಿಂದ ಬರುವವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಇಲ್ಲಿ ಉಳಿಯುತ್ತಾರೆ. ಅದಕ್ಕೂ ಮುಂಚೆ ಕ್ಯಾರವಾನ್ ಎಂದರೆ ಈ ಊರುಗಳಿಗೆ ಸಿನಿಮಾ ಶೂಟಿಂಗಿನ ಜೊತೆ ಬರುವ, ನಟ–ನಟಿಯರು ಮೇಕಪ್ ಮಾಡಿಕೊಳ್ಳುವ ಬಸ್ಸು ಮಾತ್ರ.

ಆದರೆ ವಾಹನದಲ್ಲೇ ಉಂಡು, ವಾಹನದಲ್ಲೇ ಮಲಗಿ ವರ್ಷ ಕಳೆಯುವವರನ್ನು ಈ ಸೀಮೆ ಬಹಳ ಹಿಂದಿನಿಂದಲೂ ಕಂಡಿದೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಲಾರಿ ಚಾಲಕರು ಒಂದು ಗುಂಪು. ಬೋರ್‌ವೆಲ್ ಕೊರೆಯುವವರು ಇನ್ನೊಂದು ಗುಂಪು. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು ಬೋರ್‌ವೆಲ್ ಲಾರಿಗಳಿಗೆ ದೇಶದಲ್ಲೇ ಹೆಸರಾದ ಊರು. ಅಲ್ಲಿಂದ ಹೊರಟ ತಂಡ ಎರಡು ಲಾರಿಯಲ್ಲಿ ಬರುತ್ತದೆ: ಒಂದರಲ್ಲಿ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಪೈಪು, ಡೀಸೆಲ್, ಅಕ್ಕಿಮೂಟೆ, ಹಾಸಿಗೆ. ಎರಡು ಲಾರಿಗಳ ನಡುವೆ ಟಾರ್ಪಾಲು ಎಳೆದು ಕಟ್ಟಿದರೆ ಅಡುಗೆಮನೆ ಸಿದ್ಧ. ಈ ಸೀಮೆಯಲ್ಲಿ ಗಾಡಿಯಲ್ಲಿ ಬದುಕುವುದು ಹೇಗೆಂದು ತಿಳಿಯಬೇಕಾದವರು ಇವರನ್ನು ನೋಡಬೇಕು. ಇವರು ಗಾಡಿಯ ಒಳಾಂಗಣಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಸಂಜೆಯಾಗುವ ಮುಂಚೆ ನೆಲ ಗಟ್ಟಿಯಿರುವ, ನೀರು ಸಿಗುವ, ಯಾರೂ ಎಬ್ಬಿಸಿ ಕಳಿಸದ ಜಾಗ ಹಿಡಿಯುವುದೇ ಅವರ ಚಿಂತೆ. ಇಲ್ಲಿ ಕ್ಯಾರವಾನ್ ವಾಸದ ಕಷ್ಟಸುಖವೆಲ್ಲ ನಿಂತಿರುವುದು ಆ ಜಾಗದ ಮೇಲೆ.

ನಿಲ್ಲುವ ಜಾಗ

ಕೇರಳ, ಮಹಾರಾಷ್ಟ್ರ ಸರ್ಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದವು. ಅಂಥ ನೀತಿಗಳು ಹೇಳುವ ಕ್ಯಾರವಾನ್ ಪಾರ್ಕು, ಅಂದರೆ ಕರೆಂಟು, ನೀರು, ಕೊಳಚೆ ಸುರಿಯುವ ಗುಂಡಿ ಒಂದೇ ಕಡೆ ಸಿಗುವ ಅಂಗಳವನ್ನು ಈ ಗುಡ್ಡಗಳಲ್ಲಿ ನಂಬಿಕೊಂಡು ಬರುವಂತಿಲ್ಲ. ಕಾಫಿ ತೋಟದ ಹೋಂಸ್ಟೇ ಅಂಗಳ, ಪರಿಚಯದವರ ಮನೆಮುಂದು, ಹೆದ್ದಾರಿಯ ಪೆಟ್ರೋಲ್ ಬಂಕು, ಇವೇ ಗತಿ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ತಂಗುವುದಾಗಲಿ ಬೆಂಕಿ ಹಾಕುವುದಾಗಲಿ ಕರ್ನಾಟಕ ಅರಣ್ಯ ಕಾಯಿದೆ, 1963ರ ಪ್ರಕಾರ ಅಪರಾಧ. ಬಿಸಿಲೆ, ಕಾಗಿನೇರಿ, ಕೆಂಪುಹೊಳೆ ಕಡೆ ರಸ್ತೆ ಬದಿಯ ಹುಲ್ಲುಹಾಸು ಎಷ್ಟೇ ಕರೆದರೂ ಈ ಮಾತು ನೆನಪಿರಬೇಕು.

ಮಲೆನಾಡಿನಲ್ಲಿ ಸಮತಟ್ಟಾದ, ಗಟ್ಟಿ ನೆಲದ, ಬಿಸಿಲು ಬೀಳುವ ಜಾಗ ಯಾವುದೆಂದು ಹುಡುಕಿದರೆ ಸಿಗುವುದು ತೋಟದ ಕಾಫಿ ಕಣ. ಕ್ಯಾರವಾನಿಗೆ ಅದಕ್ಕಿಂತ ಒಳ್ಳೆಯ ನೆಲೆಯಿಲ್ಲ. ತೊಡಕೆಂದರೆ ಮಳೆಯಿಲ್ಲದ, ರಸ್ತೆ ಚೆನ್ನಾಗಿರುವ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದೇ ಕಣದ ತುಂಬ ಕಾಫಿ ಹರಡಿರುತ್ತದೆ. ಕಣ ಖಾಲಿಯಾಗಿ ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹಾಗಾಗಿ ಗಾಡಿ ನಿಲ್ಲುವುದು ಮನೆಯ ಪಕ್ಕದ ಮಣ್ಣಿನಂಗಳದಲ್ಲಿ. ಒಂದು ರಾತ್ರಿ ಜೋರು ಮಳೆ ಬಂದರೆ ಮೂರೂವರೆ ಟನ್ ಗಾಡಿಯ ಹಿಂದಿನ ಚಕ್ರ ಕೆಮ್ಮಣ್ಣಿನಲ್ಲಿ ಸುತ್ತತೊಡಗುತ್ತದೆ. ಆಮೇಲೆ ತೋಟದ ಟ್ರ್ಯಾಕ್ಟರೇ ಬರಬೇಕು. ತೋಟದೊಳಗೆ ಗಾಡಿ ತರುವ ಮುಂಚೆ ನಡೆದುಹೋಗಿ ಗೇಟಿನ ಕಂಬಗಳ ನಡುವಿನ ಅಗಲ, ಮೋರಿಯ ಗಟ್ಟಿತನ, ಸಿಲ್ವರ್ ಓಕ್ ಕೊಂಬೆಗಳ ಎತ್ತರ, ಜೋತುಬಿದ್ದ ಕರೆಂಟು ತಂತಿ ಎಲ್ಲವನ್ನೂ ನೋಡಬೇಕು. ಮಾಲೀಕರು ಊರಲ್ಲಿಲ್ಲದಿದ್ದರೆ ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿ ನಿಲ್ಲುವುದು ರೂಢಿ. ಹೇಳದೆ ನಿಂತ ಗಾಡಿಯನ್ನು, ಅದೂ ಕಾಫಿ ಕಳ್ಳತನದ ಕಾಲದಲ್ಲಿ, ಯಾರೂ ಒಳ್ಳೆಯ ಕಣ್ಣಿಂದ ನೋಡುವುದಿಲ್ಲ.

ಮಳೆ ಮತ್ತು ತಂಡಿ

ಸಕಲೇಶಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ. ಪಶ್ಚಿಮಕ್ಕೆ ಘಟ್ಟದ ಅಂಚಿಗೆ ಹೋದರೆ ಮಳೆ ಇದರ ದುಪ್ಪಟ್ಟಾಗುತ್ತದೆ; ಪೂರ್ವಕ್ಕೆ ಆಲೂರು ದಾಟುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. ಒಂದು ಗಂಟೆಯ ದಾರಿಯಲ್ಲಿ ಇಷ್ಟು ವ್ಯತ್ಯಾಸ. ಪುನರ್ವಸು, ಪುಷ್ಯ ಮಳೆಗಳು ಹಿಡಿದರೆ, ಅಂದರೆ ಜುಲೈಯಿಂದ ಆಗಸ್ಟ್ ಮೊದಲ ವಾರದವರೆಗೆ, ಬಿಸಿಲಿನ ಮುಖವೇ ಕಾಣದೆ ದಿನಗಳು ಕಳೆಯುತ್ತವೆ.

ಹೊರಗಿನ ಮಳೆಯನ್ನು ತಗಡು ತಡೆಯುತ್ತದೆ. ತೊಂದರೆ ಕೊಡುವುದು ಒಳಗೆ ಹುಟ್ಟುವ ನೀರು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು 1.6 ಕಿಲೋ ನೀರಾವಿ ಹೊರಬರುತ್ತದೆ. ದಿನಕ್ಕೆ 300 ಗ್ರಾಂ ಅನಿಲ ಉರಿಸುವ ಅಡುಗೆಯಿಂದ ಅರ್ಧ ಲೀಟರ್ ನೀರು ಗಾಳಿಗೆ ಸೇರಿತು. ಅನ್ನ, ಸಾರು ಕುದಿದ ಆವಿ ಇದರ ಮೇಲೆ. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಅವರ ಉಸಿರು, ಬೆವರಿನಿಂದ ಇನ್ನೂ ಅಷ್ಟು. ಇದೆಲ್ಲ ತಣ್ಣಗಿನ ತಗಡಿಗೆ ತಾಗಿ ಹನಿಯಾಗಿ ಪ್ಲೈವುಡ್ಡಿನ ಸಂದಿಗೆ, ಹಾಸಿಗೆಯ ಅಡಿಗೆ ಇಳಿಯುತ್ತದೆ. ಹದಿನೈದು ದಿನದಲ್ಲಿ ಚಪ್ಪಲಿ, ಬೆಲ್ಟು, ಬಟ್ಟೆಯ ಮಡಿಕೆಯಲ್ಲೆಲ್ಲ ಬೂಷ್ಟು. ಡ್ರಾಯರುಗಳು ಉಬ್ಬಿ ಕಚ್ಚಿಕೊಳ್ಳುತ್ತವೆ. ಹಾಸಿಗೆಯ ಕೆಳಗೆ ಹಲಗೆಯ ಬದಲು ಪಟ್ಟಿಗಳನ್ನು ಹಾಕಿ ಗಾಳಿಯಾಡುವಂತೆ ಮಾಡುವುದು, ಎಷ್ಟೇ ಚಳಿಯಿದ್ದರೂ ಎದುರುಬದುರಿನ ಎರಡು ಕಿಟಕಿ ಒಂದು ಬೆರಳಷ್ಟು ತೆರೆದಿಡುವುದು, ಅಡುಗೆಯನ್ನು ಆದಷ್ಟು ಹೊರಗಿನ ಚಪ್ಪರದಡಿ ಮುಗಿಸುವುದು, ಇವಿಷ್ಟೇ ನಿಜವಾಗಿ ಕೆಲಸಕ್ಕೆ ಬರುವ ಉಪಾಯಗಳು. ನುಸಿಗುಳಿಗೆ, ಸುಣ್ಣದ ಪೊಟ್ಟಣಗಳಿಂದ ಹೆಚ್ಚೇನೂ ಆಗದು.

ಮಲೆನಾಡಿನ ಮನೆಗಳು ಈ ತಂಡಿಯನ್ನು ಹೊಗೆಯಿಂದ ಗೆದ್ದವು. ಒಲೆ ಮೇಲಿನ ಅಟ್ಟ, ದಿನವಿಡೀ ಉರಿಯುವ ಬಚ್ಚಲೊಲೆ, ಅದರ ಮೇಲೆ ಒಣಹಾಕಿದ ಬಟ್ಟೆ. ಗಾಡಿಯಲ್ಲಿ ಅದಕ್ಕೆ ಜಾಗವಿಲ್ಲ. ಇದನ್ನು ಅನುಕರಿಸಲು ಹೋಗಿ ಮುಚ್ಚಿದ ಗಾಡಿಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಸಂಚಕಾರ: ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರವಾಗುವ ಮುಂಚೆಯೇ ಪ್ರಜ್ಞೆ ತಪ್ಪುತ್ತದೆ.

ಸೋಲಾರ್ ನಂಬಿ ಬಂದವರಿಗೆ ಇಲ್ಲಿ ಎರಡು ಪೆಟ್ಟು. ನೆರಳಿನ ತಂಪಿಗೆಂದು ಮರದಡಿ ನಿಂತರೆ ಬೇಸಿಗೆಯಲ್ಲೂ ಪ್ಯಾನಲ್ ಅರೆಹೊಟ್ಟೆ. ಮಳೆಗಾಲದಲ್ಲಿ ಬಯಲಲ್ಲಿ ನಿಂತರೂ ಫ್ರಿಜ್ಜಿಗೆ ಸಾಲದು. ಮನೆಯಿಂದ ವೈರು ಎಳೆದುಕೊಳ್ಳೋಣವೆಂದರೆ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟೇ ಇರುವುದಿಲ್ಲ. ವಿದ್ಯುತ್ ಕಂಪನಿ ಚೆಸ್ಕಾಂನ ಲೈನ್‌ಮನ್‌ಗಳು ಮಳೆಯಲ್ಲಿ ತೋಟದಿಂದ ತೋಟಕ್ಕೆ ನಡೆದು ಒಂದೊಂದೇ ಲೈನ್ ಸರಿಮಾಡುವ ಕಾಲ ಅದು.

ನೀರು, ಕೊಳಚೆ

ಹಳ್ಳ, ತೊರೆಗಳಿಗೆ ಇಲ್ಲಿ ಬರವಿಲ್ಲ. ಕುಡಿಯುವ ನೀರಿಗೆ ಅವನ್ನು ನಂಬಬಾರದು. ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಪಲ್ಪಿಂಗ್ ಕೆಲಸ ನಡೆಯುವುದು ಡಿಸೆಂಬರಿನಿಂದ ಫೆಬ್ರುವರಿವರೆಗೆ, ಹಳ್ಳದಲ್ಲಿ ನೀರಿಳಿಯುವ ಹೊತ್ತಿಗೆ. ಆ ಹುಳಿನೀರು ಸರಿಯಾಗಿ ಇಂಗಿಸದ ಕಡೆ ತೊರೆಗೆ ಸೇರುತ್ತದೆ, ಹತ್ತಿರ ಹೋದರೆ ವಾಸನೆಯೇ ಹೇಳುತ್ತದೆ. ಮಳೆ ಶುರುವಾಗುವ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಯುವ ಕಾಲ, ಮಳೆ ಬಿದ್ದರೆ ಅದೂ ತೊರೆಗೆ ಇಳಿಯಬಹುದು. ಆದ್ದರಿಂದ ಟ್ಯಾಂಕು ತುಂಬಿಸಿಕೊಳ್ಳುವುದು ಬಾವಿ, ಬೋರ್‌ವೆಲ್ ಅಥವಾ ಪಂಚಾಯಿತಿ ನಲ್ಲಿಯಿಂದ. 150 ಲೀಟರ್ ಟ್ಯಾಂಕನ್ನು ಇಬ್ಬರು ಹಿಡಿತದಿಂದ ಬಳಸಿದರೆ ಮೂರ್ನಾಲ್ಕು ದಿನ ಬರುತ್ತದೆ, ಬಟ್ಟೆ ಒಗೆಯುವುದು ಬೇರೆ.

ಶೌಚದ ವಿಷಯವನ್ನು ಮಾರಾಟಗಾರರು ಜಾರಿಸಿಬಿಡುತ್ತಾರೆ. ಕಳಚಿ ಒಯ್ಯಬಹುದಾದ ಡಬ್ಬಿಯ ಟಾಯ್ಲೆಟ್ ಇರುವ ಗಾಡಿ ಎರಡು–ಮೂರು ದಿನಕ್ಕೊಮ್ಮೆ ಅದನ್ನು ಎಲ್ಲಾದರೂ ಖಾಲಿ ಮಾಡಲೇಬೇಕು. ಮನೆಯವರ ಒಪ್ಪಿಗೆ ಕೇಳಿ ಅವರ ಶೌಚಾಲಯಕ್ಕೆ ಸುರಿಯುವುದೊಂದೇ ಮರ್ಯಾದೆಯ ದಾರಿ. ಡಬ್ಬಿಗೆ ಹಾಕುವ ಫಾರ್ಮಾಲ್ಡಿಹೈಡ್ ಬೆರೆತ ಔಷಧ ಗುಂಡಿಯಲ್ಲಿ ಮಲವನ್ನು ಕೊಳೆಯಿಸುವ ಜೀವಾಣುಗಳನ್ನೇ ಕೊಲ್ಲುತ್ತದೆ, ಹಾಗಾಗಿ ಜೈವಿಕ ಪುಡಿಯೇ ಆಗಬೇಕು. ತೋಟದ ಚರಂಡಿಗೆ ಸುರಿದದ್ದು ಹಳ್ಳ ಸೇರಿ, ಹೇಮಾವತಿಗೆ ಇಳಿದು, ಗೊರೂರು ಜಲಾಶಯ ಮುಟ್ಟುತ್ತದೆ. ಆ ನೀರನ್ನು ಕುಡಿಯುವವರು ಬಹಳ ಜನ.

ಕಾಡಾನೆ

ಬೇರೆ ಕಡೆಯ ಕ್ಯಾರವಾನ್ ಕೈಪಿಡಿಗಳಲ್ಲಿ ಅಪರೂಪವಾದ, ಇಲ್ಲಿ ಮೊದಲ ಪುಟದಲ್ಲೇ ಇರಬೇಕಾದ ಸಂಗತಿ ಇದು. ಆಲೂರು–ಸಕಲೇಶಪುರದ ಆನೆಗಳು ದೊಡ್ಡ ಕಾಡಿನಿಂದ ಎಂದೋ ಒಮ್ಮೆ ಹೊರಬರುವವಲ್ಲ, ತೋಟಗಳಲ್ಲೇ ಇರುವಂಥವು. ಹಗಲು ಕಾಫಿ ಗಿಡಗಳ ಮರೆಯಲ್ಲಿ ನಿಂತು, ಕತ್ತಲಾದ ಮೇಲೆ ಗದ್ದೆಗೆ, ಬಾಳೆಗೆ, ನೀರಿಗೆ ನಡೆಯುತ್ತವೆ. ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಸೂಚಿಸಿತು. 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದದ್ದೂ ಆಯಿತು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿಸಲಗದ ಜೊತೆ ಸೆಣಸುವಾಗ.

ಗಾಡಿಯ ತಗಡು ಆನೆಗೆ ಲೆಕ್ಕಕ್ಕಿಲ್ಲ. ಉಗ್ರಾಣದ ಬಾಗಿಲು ಮುರಿದು ಅಕ್ಕಿ, ಭತ್ತ, ಉಪ್ಪು ತಿಂದು ಹೋಗುವ ಆನೆಗಳಿಗೆ ಕ್ಯಾರವಾನಿನ ಬಾಗಿಲು ದೊಡ್ಡದಲ್ಲ. ಬಾಳೆಗೊನೆ, ಬೆಲ್ಲ, ಹಲಸಿನ ಹಣ್ಣನ್ನು ಗಾಡಿಯಲ್ಲಾಗಲಿ ಅದರ ಅಡಿಯಲ್ಲಾಗಲಿ ಇಡಬಾರದು. ಏಪ್ರಿಲಿನಿಂದ ಜುಲೈವರೆಗೆ ಹಲಸಿನ ಮರದ ಸನಿಹ, ಭತ್ತ ತೆನೆಯೊಡೆಯುವ ಅಕ್ಟೋಬರಿನಿಂದ ಕೊಯ್ಲು ಮುಗಿಯುವವರೆಗೆ ಗದ್ದೆ ಬದಿಯಲ್ಲಿ ನಿಲ್ಲಲೇಬಾರದು. ಬೇಲಿ ಮುರಿದ ಜಾಗ, ಹಸಿ ಲದ್ದಿ, ಮಣ್ಣು ತೀಡಿದ ಮರದ ಬುಡ ಕಂಡರೆ ಅದು ಆನೆ ದಾರಿ. ಇದನ್ನು ಗುರುತಿಸಲು ಬಾರದವರು ಕೇಳಿದರೆ ಸಾಕು. “ಇಲ್ಲಿ ಬೇಡ ಸಾರ್, ನಿನ್ನೆ ರಾತ್ರಿ ಇಲ್ಲೇ ನಿಂತಿದ್ವು” ಎಂದು ತೋಟದ ಯಾರಾದರೂ ಹೇಳಿದರೆ, ಕತ್ತಲಾಗಿದ್ದರೂ ಗಾಡಿ ತೆಗೆಯಬೇಕು. ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಹಾಕಿ, ಅವುಗಳ ಚಲನೆಯನ್ನು ಸುತ್ತಲಿನ ಊರಿನವರ ಮೊಬೈಲಿಗೆ ತಿಳಿಸುವ ವ್ಯವಸ್ಥೆ ಮಾಡಿದೆ. ಉಳಿಯುವವರು ಹೋದ ದಿನವೇ ಆ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಸೇರಿಕೊಳ್ಳುವುದು ಒಳ್ಳೆಯದು.

ರಾತ್ರಿ ಹೊರಗೆ ಹೋಗದೆ ಇರುವುದು ಎಲ್ಲಕ್ಕಿಂತ ಮುಖ್ಯ. ಗಾಡಿಯೊಳಗಿನ ಶೌಚಾಲಯ ಇಲ್ಲಿ ಸೌಕರ್ಯದ ಮಾತಲ್ಲ, ಜೀವದ ಮಾತು. ಆನೆ ಹತ್ತಿರವಿದ್ದಾಗ ದೀಪ ಹಾಯಿಸುವುದು, ಹಾರ್ನ್ ಮಾಡುವುದು, ವಿಡಿಯೊ ಮಾಡಲು ಬಾಗಿಲು ತೆರೆಯುವುದು, ಮೂರೂ ಕೂಡದು.

ರಸ್ತೆ

ಹಾಸನ, ಆಲೂರು, ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಗುಂಡ್ಯಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 75 ಈ ಸೀಮೆಯ ಜೀವನಾಡಿ. ಕಾಂಕ್ರೀಟ್ ಕೆಲಸಕ್ಕೆಂದು ತಿಂಗಳುಗಟ್ಟಲೆ ಮುಚ್ಚಿದ್ದ ಘಾಟಿ 2018ರ ಜುಲೈಯಲ್ಲಿ ತೆರೆಯಿತು. ಮುಂದಿನ ತಿಂಗಳೇ ಗುಡ್ಡ ಕುಸಿದು ಮತ್ತೆ ಮುಚ್ಚಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಬಳಿ ಮಣ್ಣು ಜರಿದು ಸಂಚಾರ ನಿಂತಿತು. ಇಂಥ ಹೊತ್ತಿನಲ್ಲಿ ಚಾರ್ಮಾಡಿ, ಬಿಸಿಲೆ ದಾರಿಗಳು ಉಳಿಯುತ್ತವೆ, ಎರಡೂ ಉದ್ದ ಗಾಡಿಗೆ ಇಕ್ಕಟ್ಟು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ; ಲಾರಿಯವರ ಹಾಗೆ ಎರಡನೇ ಗೇರಿನಲ್ಲಿ ಇಳಿಯಬೇಕು. ಧರೆಯ ಬುಡದಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವುದಂತೂ ಮಳೆಗಾಲದಲ್ಲಿ ಹುಚ್ಚುತನ.

ಕಾಗದಪತ್ರ

ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮು ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್–124 ಎಂಬ ಪ್ರತ್ಯೇಕ ಮಾನದಂಡವಿದೆ. ಬೇರೆ ರಾಜ್ಯದ ನೋಂದಣಿಯ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಆಧಾರ್, ಮತದಾರರ ಪಟ್ಟಿ, ಬ್ಯಾಂಕು ಎಲ್ಲಕ್ಕೂ ವಿಳಾಸ ಬೇಕಾದ್ದರಿಂದ ಗಾಡಿವಾಸಿಗಳು ತಂದೆತಾಯಿಯ ಅಥವಾ ಅಣ್ಣತಮ್ಮಂದಿರ ಮನೆಯ ವಿಳಾಸವನ್ನೇ ಉಳಿಸಿಕೊಳ್ಳುತ್ತಾರೆ. ಅಡುಗೆ ಅನಿಲದ ತೊಡಕು ಬಗೆಹರಿದಿದೆ: ಐದು ಕಿಲೋದ ‘ಛೋಟು’ ಸಿಲಿಂಡರು ವಿಳಾಸದ ದಾಖಲೆಯಿಲ್ಲದೆ ಏಜೆನ್ಸಿಯಲ್ಲಿ, ಕೆಲವು ಬಂಕುಗಳಲ್ಲಿ ಸಿಗುತ್ತದೆ.

ಕಾಯಿಲೆ ಬಿದ್ದರೆ ಸಕಲೇಶಪುರದ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆ, ಹೆಚ್ಚಿನ ಚಿಕಿತ್ಸೆಗೆ ಹಾಸನದ ಹಿಮ್ಸ್ ಆಸ್ಪತ್ರೆ. ಮೊಬೈಲ್ ಸಿಗ್ನಲ್ ತೋಟದ ತಗ್ಗುಗಳಲ್ಲಿ ಸಿಗುವುದಿಲ್ಲ. ಗಾಡಿಯಿಂದಲೇ ಕಂಪನಿ ಕೆಲಸ ಮಾಡುವವರು ಹೆದ್ದಾರಿಯ ಆಸುಪಾಸಿನಲ್ಲೇ ನೆಲೆ ಹುಡುಕಬೇಕಾಗುತ್ತದೆ.

ವರ್ಷದ ಲೆಕ್ಕ

ಬೋರ್‌ವೆಲ್ ತಂಡಗಳು ಮಳೆ ಹಿಡಿಯುವ ಮುಂಚೆ ಘಟ್ಟದ ಅಂಚಿನಿಂದ ಲಾರಿ ಇಳಿಸಿಬಿಡುತ್ತವೆ. ಕ್ಯಾರವಾನಿನವರಿಗೂ ಅದೇ ಸರಿಯಾದ ಲೆಕ್ಕ: ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗೆ ಗುಡ್ಡದಲ್ಲಿ, ಜೂನ್ ಮೊದಲ ವಾರಕ್ಕೆ ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿಗೆ. ಮಳೆಗಾಲವನ್ನೂ ಇಲ್ಲೇ ಕಳೆಯುತ್ತೇನೆನ್ನುವವರು ಊರೊಳಗೆ ಒಲೆಯಿರುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಗಾಡಿಯನ್ನು ತಗಡಿನ ಶೆಡ್ಡಿನಡಿ ನಿಲ್ಲಿಸಿ, ಬ್ಯಾಟರಿ ಕಳಚಿ, ಹಾಸಿಗೆಗಳನ್ನು ಹೊರತೆಗೆದಿಡುವುದು ಕ್ಷೇಮ. ಶೆಡ್ಡು ಸಿಗದಿದ್ದರೆ ಟಾರ್ಪಾಲನ್ನು ಗಾಡಿಗೆ ಅಂಟಿಸಿ ಕಟ್ಟದೆ, ಅದರಿಂದ ಒಂದಡಿ ಎತ್ತರದಲ್ಲಿ ಇಳಿಜಾರಾಗಿ ಕಟ್ಟಬೇಕು. ಅಂಟಿಸಿ ಕಟ್ಟಿದರೆ ಒಳಗಿನ ತೇವ ಹೊರಹೋಗದೆ ತಗಡು ತುಕ್ಕು ಹಿಡಿಯುತ್ತದೆ.