ಉಂಗುರ ಹಿಡಿದವರಿಗೆ ಇನ್ನೊಂದು ಸುತ್ತು

ಕ್ಯಾರೊಸೆಲ್

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳು ಸುತ್ತುವ ಪಟ್ಟಿಗೂ ಇನ್‌ಸ್ಟಾಗ್ರಾಮಿನಲ್ಲಿ ಸರಿಸುತ್ತ ಹೋಗುವ ಚಿತ್ರಸಾಲಿಗೂ ಈಗ ಮರದ ಕುದುರೆಗಳು ಸುತ್ತುವ ಜಾತ್ರೆಯ ಆಟದ ಇದೇ ಹೆಸರು. ಎರಡನೆಯದು ಸುತ್ತುವುದೂ ಇಲ್ಲ, ಕುದುರೆಯಂತೂ ಇಲ್ಲವೇ ಇಲ್ಲ!

ಇಂಗ್ಲಿಷಿಗೆ ಇದು ಫ್ರೆಂಚಿನ 'ಕರೂಸೆಲ್'ನಿಂದ, ಫ್ರೆಂಚಿಗೆ ಇಟಲಿಯ 'ಕರೊಸೆಲ್ಲೊ'ದಿಂದ ಬಂತು. ನೇಪಲ್ಸಿನ ಆಡುಮಾತಿನಲ್ಲಿ 'ಕರುಸೆಲ್ಲೊ' ಎಂದರೆ ಹಣ ಕೂಡಿಡುವ ಮಣ್ಣಿನ ಕುಡಿಕೆ. ಸವಾರರು ಆ ಕುಡಿಕೆಯಂಥ ಮಣ್ಣಿನ ಉಂಡೆಗಳನ್ನು ಪರಸ್ಪರ ಎಸೆದಾಡುತ್ತಿದ್ದ ಆಟಕ್ಕೆ ಆ ಹೆಸರು ಅಂಟಿತೆಂಬುದು ಒಂದು ಪ್ರಬಲ ವಿವರಣೆ. ಮುಂದೆ ಅದು ಅರಮನೆಯ ಅಶ್ವೋತ್ಸವವಾಯಿತು. 1662ರಲ್ಲಿ ಹದಿನಾಲ್ಕನೆಯ ಲೂಯಿ ಪ್ಯಾರಿಸಿನಲ್ಲಿ ನಡೆಸಿದ ಉತ್ಸವದಿಂದಲೇ ಅಲ್ಲಿನ ಚೌಕಕ್ಕೆ 'ಪ್ಲಾಸ್ ದ್ಯು ಕರೂಸೆಲ್' ಎಂಬ ಹೆಸರು. ಓಡುವ ಕುದುರೆಯ ಮೇಲಿಂದ ಈಟಿಯ ತುದಿಗೆ ಉಂಗುರ ಸಿಕ್ಕಿಸುವುದು ಆಗಿನ ಪಂದ್ಯ; ಅದರ ಅಭ್ಯಾಸಕ್ಕೆ ಬಳಸಿದ ಸುತ್ತುವ ಮರದ ಕುದುರೆಗಳೇ ಕಾಲಕ್ರಮೇಣ ಮಕ್ಕಳ ಪಾಲಾದವು.

1876ರಲ್ಲಿ ತಯಾರಾದ 'ಫ್ಲೈಯಿಂಗ್ ಹಾರ್ಸಸ್' ಎಂಬ ಕ್ಯಾರೊಸೆಲ್ ಅಮೆರಿಕದ ಓಕ್ ಬ್ಲಫ್ಸ್‌ನಲ್ಲಿ ಇಂದಿಗೂ ತಿರುಗುತ್ತಿದೆ. ಅದರ ಮರದ ಕುದುರೆಗಳಿಗೆ ಗಾಜಿನ ಕಣ್ಣು, ನಿಜವಾದ ಕುದುರೆಕೂದಲಿನ ಬಾಲ. ಹಿತ್ತಾಳೆಯ ಉಂಗುರ ಎಳೆದವರಿಗೆ ಇನ್ನೊಂದು ಸುತ್ತು ಬಿಟ್ಟಿ: ಹಳೆಯ ಪಂದ್ಯದ ಪಳೆಯುಳಿಕೆ. ಅಂಥ ಕುದುರೆ ಒಂದೇ ದಿಮ್ಮಿಯದಲ್ಲ. ಹಲಗೆಗಳನ್ನು ಅಂಟಿಸಿ, ಒಡಲು ಟೊಳ್ಳಾಗಿ ಉಳಿಸಿ, ತಲೆ, ಕಾಲುಗಳನ್ನು ಬೇರೆಯಾಗಿ ಕೆತ್ತಿ ಕೂಡಿಸುವುದು ಅಮೆರಿಕದ ಕೆತ್ತನೆಗಾರರ ರೂಢಿ. ಪ್ರೇಕ್ಷಕರತ್ತ ಇರುವ ಮಗ್ಗುಲಿಗೇ ಹೆಚ್ಚಿನ ಅಲಂಕಾರ. ಒಳಮಗ್ಗುಲನ್ನು ಯಾರು ನೋಡುತ್ತಾರೆ?

ಜರ್ಮನ್ನಿನಲ್ಲಿ ಈ ಪದ 'ಕರುಸೆಲ್', ಸ್ಪ್ಯಾನಿಷ್‌ನಲ್ಲಿ 'ಕರ್ರುಸೆಲ್'. ಇಂಗ್ಲೆಂಡಿನ ಜಾತ್ರೆಗಳಲ್ಲಿ 'ಗ್ಯಾಲಪರ್ಸ್' ಹೆಚ್ಚು ಬಳಕೆಯ ಹೆಸರು. ಅವು ಪ್ರದಕ್ಷಿಣೆಯಾಗಿ ಸುತ್ತಿದರೆ ಅಮೆರಿಕದವು ಸಾಮಾನ್ಯವಾಗಿ ಅಪ್ರದಕ್ಷಿಣೆ.