ನೀಲಿ ಡಬ್ಬಿ, ಗಂಧದ ಸೋಪು

ಅಕ್ಟೋಬರ್ ಕಳೆದು ಮನೆಮನೆಗಳಲ್ಲಿ ಹೀಟರ್ ಶುರುವಾಯಿತೆಂದರೆ ನಮ್ಮ ಬಳಗದ ಮಾತುಕತೆ ಕಾವ್ಯ ಮೀಮಾಂಸೆಯಿಂದ ನೇರವಾಗಿ ಚರ್ಮಕ್ಕೆ ಇಳಿಯುತ್ತದೆ. ಕುಮಾರವ್ಯಾಸನ ಮೇಲೆ ಚರ್ಚೆಗೆಂದು ಸೇರಿದವರು ಅರ್ಧ ಗಂಟೆಯಲ್ಲಿ ಮೊಣಕೈ ಕೆರೆದುಕೊಳ್ಳುತ್ತ, "ನೀವು ಮುಖಕ್ಕೆ ಏನು ಹಚ್ಚುತ್ತೀರಿ?" ಎಂಬಲ್ಲಿಗೆ ಬಂದು ನಿಂತಿರುತ್ತೇವೆ. ಹೊರಗಿನ ತಣ್ಣನೆಯ ಗಾಳಿಯಲ್ಲಿ ತೇವ ಕಡಿಮೆ. ಅದೇ ಗಾಳಿಯನ್ನು ಮನೆಯೊಳಗೆ ಬಿಸಿ ಮಾಡಿದರೆ ಇನ್ನೂ ಒಣಗುತ್ತದೆ. ಹಿಮ್ಮಡಿ ಒಡೆಯುತ್ತದೆ, ತುಟಿ ಬಿರಿಯುತ್ತದೆ, ಮೊದಲೇ ನಾಜೂಕು ಚರ್ಮದವರಿಗೆ ಇಸಬಿನ ಕಾಟವೂ ಸೇರಿಕೊಳ್ಳುತ್ತದೆ. ಊರಿನಲ್ಲಿ ಹಚ್ಚಿದ್ದಾದರೂ ಏನು? ಶನಿವಾರದ ಎಣ್ಣೆ ಸ್ನಾನಕ್ಕೆ ಕೊಬ್ಬರಿ ಎಣ್ಣೆ ಇಲ್ಲವೇ ಹರಳೆಣ್ಣೆ, ಉಳಿದಂತೆ ಒಂದು ಸೋಪು. ಅಷ್ಟೇ!

ಬಳಗದಲ್ಲಿ ಯಾರ ಮನೆಯ ಬಚ್ಚಲಿಗೆ ಹೋದರೂ ಎರಡು ವಸ್ತುಗಳು ತಪ್ಪದೆ ಕಣ್ಣಿಗೆ ಬೀಳುತ್ತವೆ. ಒಂದು ನಿವೇಯಾದ ನೀಲಿ ತಗಡಿನ ಡಬ್ಬಿ. ಇನ್ನೊಂದು ಊರಿಂದ ಸೂಟ್‌ಕೇಸಿನಲ್ಲಿ, ಚಟ್ನಿಪುಡಿಯ ಪಕ್ಕದಲ್ಲಿ ಕೂತು ಬಂದ ಮೈಸೂರ್ ಸ್ಯಾಂಡಲ್ ಸೋಪು. ಒಂದು ಹ್ಯಾಂಬರ್ಗಿನದು, ಇನ್ನೊಂದು ಬೆಂಗಳೂರಿನದು. ಇವೆರಡರ ಚರಿತ್ರೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಮಹಾಯುದ್ಧ ಎರಡರ ಹಣೆಬರಹವನ್ನೂ ತಿದ್ದಿರುವುದು ಕಾಣುತ್ತದೆ. ಈ ಸಂಚಿಕೆಯಲ್ಲಿ ಅದನ್ನೇ ಹೇಳೋಣವೆಂದುಕೊಂಡೆವು.

ಮೊದಲು ಹ್ಯಾಂಬರ್ಗಿನ ಕಥೆ. ಪಾಲ್ ಕಾರ್ಲ್ ಬೈಯರ್ಸ್‌ಡೋರ್ಫ್ ಎಂಬ ಔಷಧಿ ಅಂಗಡಿಯವರು 1882ರಲ್ಲಿ ಚರ್ಮಕ್ಕೆ ಅಂಟಿಸುವ ಔಷಧಿ ಪಟ್ಟಿಯೊಂದಕ್ಕೆ ಪೇಟೆಂಟ್ ಪಡೆದರು. ಅವರಿಗೆ ಜೊತೆಯಾಗಿದ್ದವರು ಪಾಲ್ ಗೆರ್ಸನ್ ಉನ್ನ ಎಂಬ ಚರ್ಮರೋಗ ವೈದ್ಯರು. ಮಗನನ್ನು ಕಳೆದುಕೊಂಡ ದುಃಖದಲ್ಲಿ ಬೈಯರ್ಸ್‌ಡೋರ್ಫ್ 1890ರಲ್ಲಿ ತಮ್ಮ ಪ್ರಯೋಗಶಾಲೆಯನ್ನು ಆಸ್ಕರ್ ಟ್ರೋಪ್ಲೋವಿಟ್ಸ್ ಎಂಬ ತರುಣನಿಗೆ ಮಾರಿದರು. ಟ್ರೋಪ್ಲೋವಿಟ್ಸ್ ಯಹೂದಿ, ಗ್ಲೈವಿಟ್ಸ್ ಊರಿನವರು, ಓದಿದ್ದು ಔಷಧಿಶಾಸ್ತ್ರ, ಆದರೆ ಕೈಯಲ್ಲಿದ್ದದ್ದು ಅಪ್ಪಟ ವ್ಯಾಪಾರದ ಕಸುಬು. ತುಟಿಗೆ ಹಚ್ಚುವ ಲಬೆಲ್ಲೊ ಕಡ್ಡಿ 1909ರಲ್ಲಿ ಬಂದದ್ದು ಇವರ ಕಾಲದಲ್ಲೇ. ಚಳಿಗಾಲದಲ್ಲಿ ನಮ್ಮೆಲ್ಲರ ಕೋಟಿನ ಜೇಬಿನಲ್ಲೂ ಇರುತ್ತದಲ್ಲ, ಅದೇ.

ಆ ಕಾಲದ ಕ್ರೀಮುಗಳ ದೊಡ್ಡ ತೊಂದರೆ ಏನೆಂದರೆ ಅವು ಬಾಳುತ್ತಿರಲಿಲ್ಲ. ಎಣ್ಣೆ, ಜೇನುಮೇಣ, ಪನ್ನೀರು ಕಲಸಿ ಮಾಡುವ 'ಕೋಲ್ಡ್ ಕ್ರೀಮ್' ಎರಡನೆಯ ಶತಮಾನದ ಗೇಲನ್ ಎಂಬ ಗ್ರೀಕ್ ವೈದ್ಯನ ಹೆಸರಿಗೆ ಅಂಟಿಕೊಂಡು ಬಂದದ್ದು. ಹಚ್ಚಿದಾಗ ಅದರಲ್ಲಿನ ನೀರು ಆರಿ ತಂಪೆನಿಸುತ್ತದೆ, ಅದಕ್ಕೇ ಆ ಹೆಸರು. ಆದರೆ ಕೆಲವು ದಿನ ಕಳೆದರೆ ಎಣ್ಣೆ ಬೇರೆ ನೀರು ಬೇರೆಯಾಗುತ್ತದೆ, ಎಣ್ಣೆ ಕಮಟುತ್ತದೆ. ಕಮಟಿದ ಎಣ್ಣೆಯನ್ನು ನಾಜೂಕು ಚರ್ಮಕ್ಕೆ ಹಚ್ಚಿದರೆ ಗತಿಯೇನು, ನೀವೇ ಊಹಿಸಿಕೊಳ್ಳಿ. ಇದಕ್ಕೆ ಪರಿಹಾರ ಸಿಕ್ಕಿದ್ದು ಕುರಿಯ ಉಣ್ಣೆಯಲ್ಲಿ. ಉಣ್ಣೆ ತೊಳೆದಾಗ ಬರುವ ಜಿಡ್ಡಿನಿಂದ ಐಸಾಕ್ ಲಿಫ್‌ಶ್ಯುಟ್ಸ್ ಎಂಬ ರಸಾಯನಶಾಸ್ತ್ರಜ್ಞರು ಯೂಸೆರಿಟ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಇದು ನೀರು ಮತ್ತು ಎಣ್ಣೆ ಎಂಬ ಎರಡು ಹಠಮಾರಿಗಳನ್ನು ಕೈಹಿಡಿದು ಒಂದೇ ಮನೆಯಲ್ಲಿ ಬಾಳಿಸುವ ಗುಣದ್ದು. ಉನ್ನ ಅವರು ಈ ಸಂಗತಿಯನ್ನು ಟ್ರೋಪ್ಲೋವಿಟ್ಸ್ ಕಿವಿಗೆ ಹಾಕಿದರು. ಉನ್ನ ನೋಡಿದ್ದು ಔಷಧಿಯ ಮುಲಾಮಿಗೆ ಒಳ್ಳೆಯ ತಳಹದಿಯನ್ನು. ಟ್ರೋಪ್ಲೋವಿಟ್ಸ್ ನೋಡಿದ್ದು ರೋಗವಿಲ್ಲದವರೂ ದಿನಾ ಹಚ್ಚಬಹುದಾದ ಕ್ರೀಮನ್ನು. ಯೂಸೆರಿಟ್, ನೀರು, ಗ್ಲಿಸರಿನ್, ಚೂರು ಸಿಟ್ರಿಕ್ ಆಮ್ಲ, ಗುಲಾಬಿ ಮತ್ತು ಲಿಲಿ ಹೂವಿನ ಕಂಪು, ಇಷ್ಟು ಸೇರಿ 1911ರ ಡಿಸೆಂಬರಿನಲ್ಲಿ ನಿವೇಯಾ ಕ್ರೀಮು ಪೇಟೆಗೆ ಬಂತು.

ಹೆಸರಿನ ಮಾತು ಬಂದಾಗ ಒಂದು ಸಣ್ಣ ಅಡ್ಡಹಾದಿ. ನಿವೇಯಾ ಎಂದರೆ ಲ್ಯಾಟಿನ್ನಿನಲ್ಲಿ 'ಹಿಮದಂಥ ಬಿಳಿ'. ಕ್ರೀಮಿನ ಬಣ್ಣ ನೋಡಿ ಇಟ್ಟ ಹೆಸರು. ನಮ್ಮ ಅಮ್ಮಂದಿರೂ 'ಸ್ನೋ' ಎನ್ನುತ್ತಿದ್ದರಲ್ಲವೇ? "ಸ್ನೋ ಪೌಡರ್ ಹಚ್ಚಿಕೊಂಡು ಹೊರಟಳು" ಎನ್ನುವುದು ನಮ್ಮ ಊರುಗಳಲ್ಲಿ ಅರ್ಧ ಮೆಚ್ಚುಗೆ, ಅರ್ಧ ಕುಹಕ. ಮುಂಬಯಿಯ ಇ. ಎಸ್. ಪಾಟಣವಾಲಾ 1919ರಲ್ಲಿ ತಂದ ಅಫ್ಘಾನ್ ಸ್ನೋ ಎಷ್ಟೋ ಮನೆಗಳ ಕನ್ನಡಿಯ ಮುಂದೆ ಇರುತ್ತಿತ್ತು. ಹಿಮವನ್ನೇ ಕಾಣದ ಊರುಗಳಲ್ಲಿ ಹಿಮ ಎಂದರೆ ಮುಖಕ್ಕೆ ಹಚ್ಚುವ ವಸ್ತುವಾಗಿತ್ತು! ಆದರೆ ಕ್ರೀಮಿನ ಬಿಳುಪು ಯಾವಾಗ ಮುಖದ ಬಿಳುಪಿನ ಆಸೆಯಾಗಿ ಜಾರಿತೋ ಹೇಳುವುದು ಕಷ್ಟ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ಆ 'ಫೇರ್' ಪದವನ್ನು ಕೈಬಿಡಲು 2020ರ ತನಕ ಬೇಕಾಯಿತು. ನಿವೇಯಾ ಕೂಡ 2017ರಲ್ಲಿ ಬಿಳುಪೇ ಪರಿಶುದ್ಧತೆ ಎಂಬರ್ಥದ ಜಾಹೀರಾತು ಹಾಕಿ, ಛೀಮಾರಿ ಹಾಕಿಸಿಕೊಂಡು ಹಿಂತೆಗೆದುಕೊಂಡಿತು. ಚರ್ಮ ಚೆನ್ನಾಗಿರುವುದೇ ಬೇರೆ, ಬೆಳ್ಳಗಿರುವುದೇ ಬೇರೆ.

ಇರಲಿ, ಮತ್ತೆ 1911ಕ್ಕೆ ಬರೋಣ. ಅದೇ ವರ್ಷ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ, ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಆಗ ಮೈಸೂರು ಸಂಸ್ಥಾನದ ಶ್ರೀಗಂಧ ಕೊರಡಿನ ರೂಪದಲ್ಲೇ ಹಡಗು ಹತ್ತುತ್ತಿತ್ತು. ಎಣ್ಣೆ ಬಟ್ಟಿ ಇಳಿಸುತ್ತಿದ್ದುದು ಯೂರೋಪಿನಲ್ಲಿ, ಅದರಲ್ಲೂ ಮುಖ್ಯವಾಗಿ ಜರ್ಮನಿಯಲ್ಲಿ. ಆ ಎಣ್ಣೆ ಬರೀ ಅತ್ತರಿಗೆ ಹೋಗುತ್ತಿತ್ತೆಂದು ತಿಳಿಯಬೇಡಿ. ಆ್ಯಂಟಿಬಯಾಟಿಕ್ ಇಲ್ಲದ ಆ ದಿನಗಳಲ್ಲಿ ಗನೋರಿಯಾದಂಥ ಗುಹ್ಯರೋಗಕ್ಕೆ ವೈದ್ಯರು ಗಂಧದೆಣ್ಣೆಯ ಗುಳಿಗೆಯನ್ನು ಬರೆದುಕೊಡುತ್ತಿದ್ದರು. ಜರ್ಮನಿಯಲ್ಲಿ ಚರ್ಮರೋಗ, ಗುಹ್ಯರೋಗ ಎರಡಕ್ಕೂ ವೈದ್ಯರು ಒಬ್ಬರೇ. ದೇವರ ಪೂಜೆಗೆ ನಾವು ತೇಯುವ ಗಂಧ ಇಲ್ಲಿ ಯಾವ ಸಂಕಟಕ್ಕೆ ಒದಗುತ್ತಿತ್ತು ನೋಡಿ.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಜರ್ಮನಿ ಶತ್ರುದೇಶವಾಯಿತು. ಮೈಸೂರಿನಲ್ಲಿ ಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ರಾಶಿ ಬಿದ್ದವು. ಟಿಪ್ಪೂ ಸುಲ್ತಾನನ ಕಾಲದಿಂದಲೂ ಶ್ರೀಗಂಧ ಅರಸೊತ್ತಿಗೆಯ ಮರ, ಅದರ ವರಮಾನ ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆಸರೆ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಸುಮ್ಮನೆ ಕೂರುವ ಜನವಲ್ಲ. ಕೈಗಾರಿಕೆಯ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚ್ಯಾಟರ್ಟನ್ ಅವರು ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರ ನೆರವು ಕೇಳಿದರು. ಅವರು ಎಣ್ಣೆ ತೆಗೆಯುವ ವಿಧಾನವನ್ನು ಹದಕ್ಕೆ ತಂದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಜರ್ಮನರ ಕೈಯಲ್ಲಿದ್ದ ಕಸುಬು ಎರಡೇ ವರ್ಷಗಳಲ್ಲಿ ಮರ ಬೆಳೆದ ನೆಲಕ್ಕೇ ಬಂತು.

ಎಣ್ಣೆಯಾದ ಮೇಲೆ ಸೋಪು. ಫ್ರಾನ್ಸಿನಿಂದ ಅರಮನೆಗೆ ಗಂಧದ ಸೋಪಿನ ಕಾಣಿಕೆ ಬಂದದ್ದು ನೋಡಿ ಮಹಾರಾಜರಿಗೆ ಈ ಯೋಚನೆ ಹೊಳೆಯಿತೆಂಬ ಕಥೆಯಿದೆ. ಕಥೆ ಚೆನ್ನಾಗಿದೆ, ಇದ್ದುಕೊಳ್ಳಲಿ. ಕೆಲಸ ಮಾಡಿದವರು ಎಸ್. ಜಿ. ಶಾಸ್ತ್ರಿಗಳು. ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದು, ಗಂಧದ ಕಂಪು ಸೋಪಿನಲ್ಲಿ ನಿಲ್ಲುವಂತೆ ಮಾಡಿ 'ಸೋಪ್ ಶಾಸ್ತ್ರಿ' ಎಂದೇ ಹೆಸರಾದರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಕೆಲಸ ಶುರುಮಾಡಿತು. ಆನೆಯ ತಲೆ, ಸಿಂಹದ ಮೈಯ ಶರಭ ಅದರ ಲಾಂಛನ. ಮಡಿಕಟ್ಟಿನ ಮನೆಯ ಶಾಸ್ತ್ರಿಯೊಬ್ಬರು ಸೋಪು ಬೇಯಿಸಲು ಕಡಲು ದಾಟಿದ್ದು ನಮ್ಮಂಥ ಕಡಲಾಚೆಯವರಿಗೆ ವಿಶೇಷ ಪ್ರೀತಿಯ ಸಂಗತಿ.

ಈಗ ಅಪ್ರಿಯವಾದ ಒಂದು ಮಾತು. ಊರಿನ ಸೋಪಿನ ಮೇಲೆ ನಮಗೆಷ್ಟೇ ಮೋಹವಿದ್ದರೂ, ಗಂಧದ್ದಿರಲಿ ಬೇವಿನದಿರಲಿ, ಸೋಪು ಸೋಪೇ. ಕೊಬ್ಬನ್ನು ಕ್ಷಾರದ ಜೊತೆ ಬೇಯಿಸಿ ಮಾಡಿದ್ದು. ಅದರ ಪಿಎಚ್ 9ರಿಂದ 10ರ ಆಸುಪಾಸು. ನಮ್ಮ ಚರ್ಮದ ಮೇಲ್ಮೈಯದು 5ರ ಆಸುಪಾಸು, ಅಂದರೆ ತುಸು ಹುಳಿ. ಸೋಪು ಹಾಕಿದಾಗ ಆ ಹುಳಿ ಕೆಲವು ಗಂಟೆ ಕಾಲ ಕೆಡುತ್ತದೆ. ಗಟ್ಟಿ ಚರ್ಮದವರು ಸುಧಾರಿಸಿಕೊಳ್ಳುತ್ತಾರೆ, ನಾಜೂಕಿನವರಿಗೆ ನವೆ ಶುರು. ಅದಕ್ಕೆ ಈ ದೇಶದ ಗಡುಸು ನೀರು ಸೇರಿಕೊಳ್ಳುತ್ತದೆ. ಮ್ಯೂನಿಕ್ ಕಡೆಯ ಸ್ನೇಹಿತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರ ಕೆಟಲ್‌ಗಳ ತಳವೇ ಹೇಳುತ್ತದೆ. ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಬಿಳಿ ಗಸಿಯಾಗಿ ಬಕೆಟ್ಟಿಗೆ ಅಂಟುತ್ತದಲ್ಲ, ಅದು ಮೈಗೂ ಅಂಟುತ್ತದೆ. ನಮ್ಮ ಅಜ್ಜಿಯರ ಪದ್ಧತಿ ನೆನೆಯಿರಿ: ಮೊದಲು ಮೈತುಂಬ ಎಣ್ಣೆ, ಆಮೇಲೆ ಕಡಲೆಹಿಟ್ಟು ಅಥವಾ ಸೀಗೆಪುಡಿ. ಹಿಟ್ಟು ಜಿಡ್ಡನ್ನು ಹೀರುತ್ತದೆ, ಸೀಗೆಯ ನೊರೆ ಕ್ಷಾರವಲ್ಲ, ಕೊಂಚ ಹುಳಿಯ ಕಡೆಯದೇ. ಅವರಿಗೆ ಪಿಎಚ್ ಗೊತ್ತಿರಲಿಲ್ಲ, ಮೈ ಗೊತ್ತಿತ್ತು. ಹಾಗೆಂದು ಅಜ್ಜಿ ಹೇಳಿದ್ದೆಲ್ಲ ವೇದವೆಂದು ನಾವು ಹೇಳುತ್ತಿಲ್ಲ. ಒಡೆದ ಇಸಬಿನ ಮೇಲೆ ಕಡಲೆಹಿಟ್ಟು ಉಜ್ಜಿದರೆ ಉರಿ ತಡೆಯಲಾಗುವುದಿಲ್ಲ.

ಚರ್ಮದ ಈ ಹುಳಿಗೆ 'ಆಮ್ಲದ ಹೊದಿಕೆ' ಎಂದು ಹೆಸರಿಟ್ಟವರು ಹೈನ್ರಿಶ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೊನಿನಿ ಎಂಬ ಜರ್ಮನ್ ವೈದ್ಯರು, 1928ರಲ್ಲಿ. ಮಾರ್ಕಿಯೊನಿನಿಯವರ ಪತ್ನಿ ಯಹೂದಿ ಮೂಲದವರು. ಹಾಗಾಗಿ 1938ರಲ್ಲಿ ಅವರು ದೇಶ ಬಿಟ್ಟು ಟರ್ಕಿಯ ಅಂಕಾರಾಕ್ಕೆ ಹೋಗಿ, ಹತ್ತು ವರ್ಷ ಅಲ್ಲೇ ವೈದ್ಯರಾಗಿದ್ದು, ಯುದ್ಧ ಮುಗಿದ ಮೇಲೆ ಹಿಂದಿರುಗಿದರು.

ಇಲ್ಲಿಗೆ ನೀಲಿ ಡಬ್ಬಿಯ ಕಥೆಯ ಕಹಿ ಭಾಗಕ್ಕೆ ಬಂದೆವು. ಟ್ರೋಪ್ಲೋವಿಟ್ಸ್ 1918ರಲ್ಲೇ ತೀರಿಕೊಂಡಿದ್ದರು. ಕೆಲಸಗಾರರ ದುಡಿಮೆಯ ವೇಳೆ ಇಳಿಸಿದ, ಹಸುಗೂಸಿನ ತಾಯಂದಿರಿಗೆ ಹಾಲೂಡಿಸಲು ಕೋಣೆ ಮಾಡಿಸಿದ ಮನುಷ್ಯ. ತಮ್ಮ ಚಿತ್ರಸಂಗ್ರಹವನ್ನು ಹ್ಯಾಂಬರ್ಗಿನ ಕಲಾಶಾಲೆಗೆ ಬಿಟ್ಟುಹೋಗಿದ್ದರು, ಅದರಲ್ಲಿ ಪಿಕಾಸೋನ ಚಿತ್ರವೊಂದಿತ್ತು. ಹಳದಿ ಡಬ್ಬಿ ನೀಲಿಯಾದದ್ದು 1925ರಲ್ಲಿ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಕಂಪನಿಯ ಮುಖ್ಯಸ್ಥರಾಗಿದ್ದವರು ವಿಲ್ಲಿ ಯಾಕೊಬ್‌ಸೊನ್, ಅವರೂ ಯಹೂದಿ. ಪ್ರತಿಸ್ಪರ್ಧಿ ಕಂಪನಿಗಳು ಇದೇ ಸಮಯವೆಂದು ನಿವೇಯಾ ಕೊಂಡರೆ ಯಹೂದಿ ಕಂಪನಿಗೆ ದುಡ್ಡು ಕೊಟ್ಟಂತೆ ಎಂದು ಪ್ರಚಾರ ಶುರುಮಾಡಿದವು. ಕ್ರೀಮಿಗೂ ಜಾತಿ ಬಂತು! ಯಾಕೊಬ್‌ಸೊನ್ ಮತ್ತಿತರ ಯಹೂದಿ ನಿರ್ದೇಶಕರು ಆ ವಸಂತದಲ್ಲೇ ಸ್ಥಾನ ಬಿಟ್ಟರು. ಅವರು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಹೊರದೇಶಗಳ ಶಾಖೆಗಳನ್ನು ಕೆಲವು ವರ್ಷ ನೋಡಿಕೊಂಡರು. ಟ್ರೋಪ್ಲೋವಿಟ್ಸ್ ಕೊಟ್ಟ ಪಿಕಾಸೋ ಚಿತ್ರವನ್ನು 1937ರಲ್ಲಿ 'ಕೀಳು ಕಲೆ' ಎಂದು ಕಿತ್ತುಕೊಂಡು, 1939ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹರಾಜು ಹಾಕಿದರು. ಅದೀಗ ಬರ್ನ್ ನಗರದ ಕಲಾಶಾಲೆಯಲ್ಲಿದೆ.

ಆ ವರ್ಷಗಳಲ್ಲಿ ನಿವೇಯಾದ ಜಾಹೀರಾತಿಗೆ ಕೆಲಸ ಮಾಡಿದವರಲ್ಲಿ ಎಲ್ಲಿ ಹೊಯ್ಸ್-ಕ್ನಾಪ್ ಒಬ್ಬರು. ಗಂಡ ಥಿಯೋಡೋರ್ ಹೊಯ್ಸ್ ನಾಜಿಗಳಿಂದ ಕೆಲಸ ಕಳೆದುಕೊಂಡಾಗ ರೇಡಿಯೋ ಜಾಹೀರಾತು ಬರೆದು ಸಂಸಾರ ಸಾಗಿಸಿದ ಹೆಂಗಸು. ಆ ಗಂಡನೇ 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷ. ಯುದ್ಧ ಸೋತಾಗ ಹಲವು ದೇಶಗಳಲ್ಲಿ ನಿವೇಯಾ ಎಂಬ ಹೆಸರಿನ ಹಕ್ಕೇ ಕಂಪನಿಯ ಕೈತಪ್ಪಿತು. ಒಂದೊಂದೇ ದೇಶದಿಂದ ಮರಳಿ ಕೊಳ್ಳುತ್ತ ಬಂದು, ಕೊನೆಯದಾದ ಪೋಲೆಂಡಿನ ಹಕ್ಕು ಸಿಕ್ಕಿದ್ದು 1997ರಲ್ಲಿ.

ಹಾಗಾದರೆ ನಾಜೂಕು ಚರ್ಮದವರು ಏನು ಮಾಡಬೇಕು? ಬಾನ್ ಕಡೆಯ ವೈದ್ಯ ಹೈಂಟ್ಸ್ ಮೌರರ್ ಸೋಪಲ್ಲದ ಸೋಪೊಂದನ್ನು ರೂಪಿಸಿ 1967ರಲ್ಲಿ ಸೆಬಾಮೆಡ್ ಎಂಬ ಹೆಸರಿನಲ್ಲಿ ಔಷಧಿ ಅಂಗಡಿಗಳಿಗೆ ತಂದರು. ಅದರ ಪಿಎಚ್ 5.5. ನಮ್ಮಲ್ಲಿ ಇಸಬು ಇರುವವರೆಲ್ಲ ಒಬ್ಬೊಬ್ಬರಾಗಿ ಅದಕ್ಕೋ ಅಂಥದೇ ಇನ್ನೊಂದಕ್ಕೋ ಶರಣಾಗಿದ್ದಾರೆ. ಮೈ ಪೂರ್ತಿ ಆರುವ ಮೊದಲೇ ವಾಸನೆಯಿಲ್ಲದ ಮುಲಾಮು ಹಚ್ಚುವುದು ಎಲ್ಲರ ಅನುಭವದಲ್ಲೂ ಒಳ್ಳೆಯದೇ. ಏನೂ ಒಗ್ಗದವರಿಗೆ ಬರೀ ವ್ಯಾಸಲೀನ್ ಇದ್ದೇ ಇದೆ.

ವಾಸನೆಯಿಲ್ಲದ್ದು ಎಂದು ಒತ್ತಿ ಹೇಳಲು ಕಾರಣವಿದೆ. ನಾಜೂಕು ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಲ್ಲಿ ಸುಗಂಧಗಳು ಮುಂಚೂಣಿಯಲ್ಲಿವೆ, ಗಂಧದೆಣ್ಣೆಯೂ ಕೆಲವರಿಗೆ ಆಗಿಬರುವುದಿಲ್ಲ. 2005ರಿಂದ ಯೂರೋಪಿನಲ್ಲಿ 26 ಸುಗಂಧ ವಸ್ತುಗಳನ್ನು ಡಬ್ಬಿಯ ಮೇಲೆ ಹೆಸರಿಸುವುದು ಕಡ್ಡಾಯವಾಯಿತು. 2023ರಲ್ಲಿ ಆ ಪಟ್ಟಿಯನ್ನು ಇನ್ನೂ ಬಹಳ ಉದ್ದ ಮಾಡಿದರು. ಯಾವುದು ಯಾರಿಗೆ ಆಗದು ಎಂದು ತಿಳಿಯಲು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆಯನ್ನು 1895ರಲ್ಲಿ ತೋರಿಸಿಕೊಟ್ಟವರು ಬ್ರೆಸ್ಲೌ ನಗರದ ಯೋಸೆಫ್ ಯಾಡಾಸೋನ್. ಇಂದು ಆ ಪರೀಕ್ಷೆಯ ಸಾಲಿನಲ್ಲಿ ಉಣ್ಣೆಯ ಜಿಡ್ಡಿನ ಅಂಶವೂ ಒಂದು. ನಿವೇಯಾವನ್ನು ಹುಟ್ಟಿಸಿದ ವಸ್ತುವೇ ಕೆಲವರಿಗೆ ವೈರಿ!

ನಮ್ಮ ಹೆಂಗಸರು ಇನ್ನೊಂದು ವಿಷಯ ವೈದ್ಯರಿಗೆ ತಪ್ಪದೆ ಹೇಳಬೇಕು, ಯಾಕೆಂದರೆ ಇಲ್ಲಿನವರಿಗೆ ಕೇಳಲು ಹೊಳೆಯುವುದಿಲ್ಲ: ಹಣೆಯ ಬೊಟ್ಟು. ಅರಿಸಿನಕ್ಕೆ ಸುಣ್ಣ ಸೇರಿಸಿ ಕೆಂಪಾಗಿಸಿದ ಮನೆಯ ಕುಂಕುಮ ಹೋಗಿ ಕೃತಕ ಬಣ್ಣದ್ದು ಬಂತು, ಅದೂ ಹೋಗಿ ಸ್ಟಿಕರ್ ಬಂತು. ಕೆಲವು ಸ್ಟಿಕರ್‌ಗಳ ಅಂಟಿನಲ್ಲಿರುವ ಬ್ಯುಟೈಲ್‌ಫೀನಾಲ್ ಜಾತಿಯ ರಾಸಾಯನಿಕ ನವೆ ತರುವುದಷ್ಟೇ ಅಲ್ಲ, ಬೊಟ್ಟಿದ್ದ ಜಾಗದಲ್ಲಿ ಬಿಳಿ ಕಲೆಯನ್ನೂ ಉಳಿಸಬಲ್ಲದು. ನಮ್ಮ ಬಳಗದ ಹಿರಿಯರೊಬ್ಬರಿಗೆ ಹೀಗಾದಾಗ, ಅದು ತೊನ್ನೇನೋ ಎಂದು ಅವರು ಆರು ತಿಂಗಳು ಯಾರಿಗೂ ಹೇಳದೆ ಒಳಗೇ ಕೊರಗಿದ್ದರು. ಸ್ಟಿಕರ್ ಬಿಟ್ಟು ಚಿಕಿತ್ಸೆ ಪಡೆದ ಮೇಲೆ ಕಲೆ ನಿಧಾನವಾಗಿ ತಿಳಿಯಾಗುತ್ತಿದೆ. ಈಗ ಅವರು ಹಣೆಗೆ ಚೂರು ವ್ಯಾಸಲೀನ್ ಸವರಿ, ಅದರ ಮೇಲೆ ಊರಿನಿಂದ ತಂಗಿ ಕಳಿಸುವ ಮನೆಯ ಕುಂಕುಮ ಇಟ್ಟುಕೊಳ್ಳುತ್ತಾರೆ. ಮೈಗೆ ಸೆಬಾಮೆಡ್. ಮೈಸೂರ್ ಸ್ಯಾಂಡಲ್ ಸೋಪನ್ನು ಮಾತ್ರ ಬಿಟ್ಟಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಇಟ್ಟಿದ್ದಾರೆ, ಕಾಗದ ಬಿಚ್ಚದೆ.